ಟಿಕ್‌ಮಾರ್ಕ್ ಮೀಮಾಂಸೆ

ಯಾವ ಶಾಸ್ತ್ರಕ್ಕೇ ಆಗಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಕೊರಳಿಗೆ ಐಡಿ ಕಾರ್ಡ್ ಬಿದ್ದವರೆಲ್ಲರೂ ಈ ಶಾಸ್ತ್ರಕ್ಕೆ ಅಧಿಕಾರಿಗಳು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಇನ್‌ಬಾಕ್ಸುಗಳಿಗೆ ಬಂದು ಬೀಳುವ ಕಡ್ಡಾಯ ತರಬೇತಿ, ಮತ್ತು ಅದನ್ನು ಅವರವರ ಯೋಗ್ಯತೆಗೆ ತಕ್ಕಂತೆ ಬಡಿಸುವೆನೆಂದು ಈಚೆಗೆ ಮಾತು ಕೊಟ್ಟಿರುವ ಕೃತಕ ಬುದ್ಧಿಮತ್ತೆ, ಇದರ ವಿಷಯ. ಕೋರ್ಸಿನ ಹೆಸರಿನೆದುರು ಮೂಡುವ ಹಸಿರು ಟಿಕ್‌ಮಾರ್ಕೇ ಪ್ರಯೋಜನ. ಈ ಮೂರರ ನಡುವಣ ಸಂಬಂಧ ಮಾತ್ರ ಇನ್ನೂ ಸಿಕ್ಕಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧದ ಅಗತ್ಯ ಬಿದ್ದಿದೆ.

ಮೊದಲು ಶಬ್ದಪ್ರಮಾಣ. ಯಂತ್ರಗುರುವನ್ನು ಮಾರಲು ಬರುವವರಿಗೆ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವೇ ವೇದ. ಒಬ್ಬ ಶಿಷ್ಯನಿಗೆ ಒಬ್ಬ ಗುರು ಸಿಕ್ಕರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ನೂರಕ್ಕೆ 98 ಮಂದಿಯನ್ನು ಹಿಂದೆ ಹಾಕುತ್ತಾನೆ, ಸಂಖ್ಯಾಶಾಸ್ತ್ರದ ಮಾತಿನಲ್ಲಿ ಎರಡು ಸಿಗ್ಮಾ (ಮಾನಕ ವಿಚಲನೆ) ಮುಂದಿರುತ್ತಾನೆ ಎಂಬುದು ಅದರ ಸಾರ. ಆ ಪ್ರಯೋಗಗಳಲ್ಲಿ ಕಲಿತವರು ಶಾಲಾಮಕ್ಕಳು, ಕಲಿಸಿದವರು ಮನುಷ್ಯರು, ಪಾಠದ ಹೊತ್ತಿನಲ್ಲಿ ಆ ಮಕ್ಕಳಿಗೆ ಕ್ಲೈಂಟ್ ಕಾಲ್ ಇರಲಿಲ್ಲವೆಂದು ಧೈರ್ಯವಾಗಿ ಊಹಿಸಬಹುದು. 2011ರಲ್ಲಿ ಕರ್ಟ್ ವಾನ್‌ಲೆನ್ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬ್ಲೂಮರ ಎರಡು ಸಿಗ್ಮಾ, ಮನುಷ್ಯಗುರುವಿನ ಲೆಕ್ಕದಲ್ಲಿ 0.79ಕ್ಕೂ ಯಂತ್ರಗುರುವಿನ ಲೆಕ್ಕದಲ್ಲಿ 0.76ಕ್ಕೂ ಇಳಿದವು. ಸಿಗ್ಮಾ ಇಳಿಯಿತು, ಮಾರುವವರ ಸ್ಲೈಡ್ ಇಳಿಯಲಿಲ್ಲ. ನೀವು ನೋಡಿ ಕಲಿಯುವವರೋ ಕೇಳಿ ಕಲಿಯುವವರೋ ಎಂಬ ಪ್ರಶ್ನೆಯ ಪಾಡೂ ಇದೇ. ಅಂಥ ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆನ್ನಲು ತಕ್ಕ ಪುರಾವೆಯಿಲ್ಲವೆಂದು ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ತೀರ್ಮಾನಿಸಿದ್ದರು. ಪುರಾವೆಯನ್ನು ಮೀರಿ ಬಾಳುವುದು ಶ್ರುತಿವಾಕ್ಯದ ಲಕ್ಷಣವಷ್ಟೆ.

ಇನ್ನು ಪ್ರತ್ಯಕ್ಷ. ಉದ್ಯೋಗಿಯ ವಿಷಯದಲ್ಲಿ ಯಂತ್ರದ ಕಣ್ಣಿಗೆ ಬೀಳುವುದಾದರೂ ಏನು? 2001ರಲ್ಲಿ ಬಂದು ಇನ್ನೂ ಹಲವೆಡೆ ಬಳಕೆಯಲ್ಲಿರುವ ಸ್ಕಾರ್ಮ್ 1.2 ಎಂಬ ಇ-ಕಲಿಕೆ ಮಾನಕದ ಪ್ರಕಾರ ಪಾಠವೊಂದಕ್ಕೆ ಆರೇ ಸ್ಥಿತಿಗಳು: ಪಾಸು, ಫೇಲು, ಮುಗಿದಿದೆ, ಮುಗಿದಿಲ್ಲ, ಕಣ್ಣಾಡಿಸಿದೆ, ಮುಟ್ಟಿಯೇ ಇಲ್ಲ. ಇವುಗಳ ಜೊತೆಗೆ ಬಂದ ಅಂಕ, ಕಳೆದ ಸಮಯ. ತಲೆಗೆ ಹತ್ತಿತೇ ಎಂಬುದನ್ನು ಬರೆದಿಡಲು ಅಲ್ಲಿ ಜಾಗವಿಲ್ಲ. ಆದ್ದರಿಂದ ಅನುಮಾನಪ್ರಮಾಣದಿಂದ ಸಿದ್ಧವಾಗುವುದೇನೆಂದರೆ, ಯಂತ್ರ ಬಲ್ಲದ್ದು ಉದ್ಯೋಗಿಯ ಜ್ಞಾನವನ್ನಲ್ಲ, ಅವನು ತಪ್ಪಿಸಿಕೊಳ್ಳುವ ಬಗೆಯನ್ನು. ಒಬ್ಬ ವಿಡಿಯೊವನ್ನು ಮ್ಯೂಟ್ ಮಾಡಿ ಎರಡನೆಯ ಮಾನಿಟರಿನ ಮೂಲೆಯಲ್ಲಿ ಓಡಲು ಬಿಡುತ್ತಾನೆ. ಅವನಿಗೆ ಮೂಕ ವಿಡಿಯೊ ಸಾಕು, ಬ್ಯಾಂಡ್‌ವಿಡ್ತ್ ಉಳಿಯುತ್ತದೆ. ಇನ್ನೊಬ್ಬಳು ವರ್ಷದ ಕೋರ್ಸುಗಳನ್ನೆಲ್ಲ ಮಾರ್ಚ್ 31ರ ಮಧ್ಯಾಹ್ನ ಊಟವಾದ ಮೇಲೆ ಮುಗಿಸುತ್ತಾಳೆ. ಏಪ್ರಿಲ್‌ನಿಂದ ಅವಳಿಗೆ ರಿಮೈಂಡರ್ ಕಳಿಸುವುದು ಹಿಂಸೆ. ಮೂರನೆಯವನು ಉತ್ತರಗಳಿಗೆ ಪಕ್ಕದ ಡೆಸ್ಕನ್ನು ಆಶ್ರಯಿಸಿದ್ದಾನೆ. ಅವನ ಕೋರ್ಸನ್ನು ನೇರವಾಗಿ ಆ ಡೆಸ್ಕಿಗೇ ಕಳಿಸುವುದು ನ್ಯಾಯ. ವೈಯಕ್ತೀಕರಣ ನಿಜವಾಗಿ ಸಾಧ್ಯವಿರುವುದು ಇಲ್ಲಿಯೇ.

ಪೂರ್ವಪಕ್ಷಿ ಕೇಳಬಹುದು: ತರಬೇತಿಯ ಫಲವನ್ನು ಅಳೆಯಲು 1959ರಲ್ಲೇ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಕ್ರಮ ಹಾಕಿಕೊಟ್ಟಿಲ್ಲವೇ? ಕೊಟ್ಟಿದ್ದಾರೆ. ಹಿಡಿಸಿತೇ, ಕಲಿತರೇ, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ ಎಂದು ನಾಲ್ಕು ಮೆಟ್ಟಿಲು. ಚಾಮುಂಡಿ ಬೆಟ್ಟದ ಮೊದಲ ಮೆಟ್ಟಿಲಿಗೆ ಕುಂಕುಮವಿಟ್ಟು, ಕೈಮುಗಿದು, ದರ್ಶನವಾಯಿತೆಂದು ಆಟೋ ಹತ್ತುವ ಭಕ್ತರಂತೆ ಸಂಸ್ಥೆಗಳು ಐದು ನಕ್ಷತ್ರಗಳ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿಕೊಂಡು ಹಿಂದಿರುಗುತ್ತವೆ. ಇದನ್ನು ಭಕ್ತಿಯ ಕೊರತೆ ಎನ್ನಲಾಗದು. ಮೇಲೆ ಹತ್ತಲು ಬಜೆಟ್ ಇಲ್ಲ.

ಉದ್ಯೋಗಿ ಪ್ರಶ್ನೆಗಳನ್ನು ಚಾಟ್‌ಬಾಟ್‌ಗೆ ಹಾಕಿ ಉತ್ತರಿಸಿಬಿಟ್ಟರೆ? ಎಂಬುದು ಎರಡನೆಯ ಆಕ್ಷೇಪ. ಇದನ್ನು ಆಕ್ಷೇಪವೆನ್ನುವುದಕ್ಕಿಂತ ಸಿದ್ಧಿಯೆನ್ನಬೇಕು. ಪಾಠ ಬರೆದದ್ದು ಯಂತ್ರ, ಪ್ರಶ್ನೆ ಕೇಳಿದ್ದು ಯಂತ್ರ, ಉತ್ತರಿಸಿದ್ದು ಯಂತ್ರ. ಜ್ಞಾತೃ, ಜ್ಞಾನ, ಜ್ಞೇಯಗಳ ತ್ರಿಪುಟಿ ಲಯವಾಗುವ ಈ ನೆಲೆಯನ್ನು ವೇದಾಂತಿಗಳು ಸಮಾಧಿಯಲ್ಲಿ ಹುಡುಕಿದರು. ಲೈಸೆನ್ಸ್ ಕೊಂಡವರಿಗೆ ಅದು ಕಾಫಿ ಬ್ರೇಕಿನಲ್ಲೇ ಲಭ್ಯ.

ಮೂರನೆಯ ಆಕ್ಷೇಪ ತುಸು ಗಟ್ಟಿ. ಹಾಗಾದರೆ ಜನ ಕೆಲಸ ಕಲಿಯುವುದು ಎಲ್ಲಿ? ಹಿಂದೆ ಬಂದು ನಿಂತು ಸ್ಕ್ರೀನ್ ನೋಡಿ, ಆ ಸಾಲು ತೆಗೆಯಪ್ಪಾ, ಲಾಗ್ ಫೈಲ್ ನೋಡು ಎನ್ನುವ ಸೀನಿಯರ್ ಬಳಿ. ಎದುರಿಗಿರುವವನಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಯಾವುದನ್ನು ಕೇಳಲು ಸಂಕೋಚಪಡುತ್ತಿದ್ದಾನೆ ಎಂಬುದು ಅವರಿಗೆ ಡೇಟಾ ಇಲ್ಲದೆಯೇ ತಿಳಿಯುತ್ತದೆ. ಬ್ಲೂಮ್ ಹೇಳಿದ ಒಬ್ಬರಿಗೊಬ್ಬ ಗುರು ಆಫೀಸಿನಲ್ಲಿ ಆಗಲೇ ಸಂಬಳಕ್ಕಿದ್ದಾರೆ. ಆದರೆ ಕಲಿಸಲು ಕಳೆದ ಗಂಟೆಯನ್ನು ಹಾಕಲು ಟೈಮ್‌ಶೀಟಿನಲ್ಲಿ ಕೋಡ್ ಇಲ್ಲ; ಹಾಕಿದರೂ ಕ್ಲೈಂಟಿಗೆ ಬಿಲ್ ಮಾಡುವಂತಿಲ್ಲ. ಕಲಿಸಿದವರ ಅಪ್ರೈಸಲ್‌ನಲ್ಲಿ ಆ ಗಂಟೆ ಸೋಮಾರಿತನವಾಗಿ ಕಾಣುತ್ತದೆ. ಯಂತ್ರದಲ್ಲಿ ದೋಷವಿದೆಯೆಂದು ಈ ಪ್ರಬಂಧ ವಾದಿಸುತ್ತಿಲ್ಲ. 0.76 ಕಡಿಮೆಯ ಸಂಖ್ಯೆಯೇನಲ್ಲ. ಆದರೆ ಉದ್ಯೋಗಿಗೆ ಬೇಕಾದದ್ದು ಇನ್ನೊಬ್ಬರ ಒಂದು ಗಂಟೆ. ಅದನ್ನು ಕೊಡಲು ಮನಸ್ಸಿಲ್ಲದ ಸಂಸ್ಥೆ ಕೊಡುವಂತೆ ಕಾಣಿಸಿಕೊಳ್ಳಲು ಯಂತ್ರವನ್ನು ಕೊಳ್ಳುತ್ತದೆ. ಆರಂಭದಲ್ಲಿ ಸಿಗದೆಹೋದ ಸಂಬಂಧ ಇದೇ.

ಆದಕಾರಣ ಖರೀದಿ ಸಮಿತಿಯವರಲ್ಲಿ ವಿನಂತಿ: ಹೊಸ ಲೈಸೆನ್ಸಿಗೆ ಸಹಿ ಹಾಕುವ ಮೊದಲು ಟೈಮ್‌ಶೀಟಿಗೆ ‘ಸಹೋದ್ಯೋಗಿಗೆ ಕಲಿಸಿದ್ದು’ ಎಂಬ ಒಂದು ಸಾಲು ಸೇರಿಸಿ, ಆರು ತಿಂಗಳು ನೋಡಿ. ವಿನಂತಿಯನ್ನು ಪರಿಶೀಲಿಸುವ ಸದಸ್ಯರು ತಮ್ಮ ಬಾಕಿ ಕೋರ್ಸುಗಳನ್ನು ಅಷ್ಟರೊಳಗೆ ಮುಗಿಸಿರತಕ್ಕದ್ದು.