ಗಿಡ್ಡ ಸವಾರಿಣಿ, ಗುಡ್ಡದ ಸೈಕಲ್ಲು: ಸಪ್ತಾಪುರವನ್ನು ಅನುಲಕ್ಷಿಸಿ ಒಂದು ಅಧ್ಯಯನ

ಧಾರವಾಡದಲ್ಲಿ ಪಿಎಚ್‌.ಡಿ.ಗೆ ಹೊಸ ವಿಷಯ ಸಿಗದೆ ಎಷ್ಟೋ ಮಂದಿ ಪರದಾಡುತ್ತಿದ್ದಾರೆ. ಹಾಗಿದ್ದೂ ನಾಲ್ಕು ಅಡಿ ಹತ್ತು ಇಂಚಿನ ಹೆಣ್ಣುಮಗಳಿಗೆ ಹೊಂದುವ ಮೌಂಟೇನ್ ಬೈಕ್ ಯಾವುದು ಎಂಬ ಪ್ರಶ್ನೆ ವಿದ್ವಾಂಸರ ಕಣ್ಣಿಗೆ ಬೀಳದಿರುವುದು ಸೋಜಿಗ. ಅಧ್ಯಯನದ ವ್ಯಾಪ್ತಿ ಸಪ್ತಾಪುರ ಬಾವಿಯಿಂದ ಕೆಲಗೇರಿ ಕೆರೆಯವರೆಗೆ. ‘ಇಲ್ಲಿ ಗುಡ್ಡ ಎಲ್ಲೈತ್ರಿ?’ ಎಂದು ಆಕ್ಷೇಪಿಸುವವರು ವಿಶ್ವವಿದ್ಯಾಲಯದ ಛೋಟಾ ಮಹಾಬಳೇಶ್ವರದ ಏರನ್ನು ಒಮ್ಮೆ ತುಳಿದು ಬರಬೇಕು. ಆಮೇಲೂ ಮಾತಾಡಲು ಉಸಿರಿದ್ದರೆ ಆಕ್ಷೇಪವನ್ನು ಪರಿಶೀಲಿಸಲಾಗುವುದು.

ಮೊದಲು ಪೂರ್ವಪಕ್ಷ. ಸೈಕಲ್ ಅಂಗಡಿಗಳಲ್ಲಿ ಎರಡು ದರ್ಶನಗಳು ಪ್ರಚಲಿತವಾಗಿವೆ. ಒಂದು, ಆಸನಾವರೋಹಣವಾದ: ‘ಅಕ್ಕಾರ, ಸೀಟ್ ಪೂರಾ ಇಳಿಸಿ ಕೊಡ್ತೀನ್ರಿ, ಮುಗೀತಲ್ಲ.’ ಇನ್ನೊಂದು, ಅಭ್ಯಾಸವಾದ: ‘ನಾಕ ದಿನಾ ಹೊಡೀರಿ, ರೂಢಿ ಆಗ್ತೈತಿ.’ ಎರಡನೆಯ ಮತದಲ್ಲಿ ಸೈಕಲ್ಲು ನಿತ್ಯ, ದೇಹ ಅನಿತ್ಯ. ಕೈಕಾಲುಗಳು ಕಾಲಕ್ರಮೇಣ ತಾವೇ ಫ್ರೇಮಿನ ಅಳತೆಗೆ ಬರತಕ್ಕವು. ಪ್ರಬಂಧದ ನಾಯಕಿಗೆ ಮೂವತ್ತೆರಡು ವಯಸ್ಸು. ಇನ್ನು ಬೆಳೆಯುವ ಲಕ್ಷಣವಿಲ್ಲವಾದ್ದರಿಂದ ಈ ಮತವನ್ನು ಹೆಚ್ಚು ಖಂಡಿಸಬೇಕಾಗಿಲ್ಲ.

ಮೊದಲನೆಯದು ಮಾತ್ರ ಅಪಾಯಕಾರಿ, ಏಕೆಂದರೆ ನೋಡಲು ಸರಿಯೆನಿಸುತ್ತದೆ. ಸೀಟು ಇಳಿದರೆ ನೆಲಕ್ಕೆ ಕಾಲು ತಾಗುತ್ತದೆ, ನಿಜ. ಆದರೆ ನಡುವಿನ ಬಾರ್ ಇಳಿಯುವುದಿಲ್ಲ, ಹ್ಯಾಂಡಲ್ ಹತ್ತಿರ ಬರುವುದಿಲ್ಲ, 170 ಮಿ.ಮೀ. ಕ್ರ್ಯಾಂಕ್ ಗಿಡ್ಡವಾಗುವುದಿಲ್ಲ. ಪೆಡಲ್ ಮೇಲೆ ಬಂದಾಗಲೆಲ್ಲ ಮೊಣಕಾಲು ಎದೆಯ ಯೋಗಕ್ಷೇಮ ವಿಚಾರಿಸಿ ಹೋಗುತ್ತದೆ.

ಸಿದ್ಧಾಂತಕ್ಕೆ ಪ್ರಮಾಣ ಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಪೆನ್ಸಿಲ್ ಗೀರು ಎಳೆಯುವುದು ಕಾಲಿನ ಒಳ ಅಳತೆ ತೆಗೆಯುವ ಸರ್ವಸಮ್ಮತ ವಿಧಾನ. ಗಲ್ಲಿಗೊಂದು ಕೋಚಿಂಗ್ ಸೆಂಟರ್ ಇರುವ ಸಪ್ತಾಪುರದಲ್ಲಿ ದಪ್ಪ ಪುಸ್ತಕಕ್ಕೆ ಬರವೇ? ಬಾಡಿಗೆ ರೂಮಿನ ಹುಡುಗಿಯಿಂದ ತಂದ ಸಾಮಾನ್ಯ ಜ್ಞಾನದ ಗೈಡು ಆ ದಿನ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಗೀರು 66 ಸೆಂ.ಮೀ.ಗೆ ಬಿತ್ತು. ಅಂಗಡಿಯವ ಹೊರಗೆ ತಂದು ನಿಲ್ಲಿಸಿದ ಸೈಕಲ್ಲಿನ 29 ಇಂಚಿನ ಗಾಲಿಯ ಎತ್ತರವೇ ಟೈರ್ ಸೇರಿ ಸುಮಾರು 73 ಸೆಂ.ಮೀ. ಎಂದಮೇಲೆ ಬಾರ್ ದಾಟಿ ನಿಲ್ಲುವ ಮಾತೆಲ್ಲಿ! ಗುಡ್ಡದಲ್ಲಿ ಥಟ್ಟನೆ ಕಾಲು ಊರಬೇಕಾಗುತ್ತದೆ, ಆದ್ದರಿಂದ ಬಾರಿಗೂ ದೇಹಕ್ಕೂ ನಡುವೆ ಐದು ಸೆಂ.ಮೀ.ನಷ್ಟಾದರೂ ಸಂದು ಇರತಕ್ಕದ್ದು. ಪಕ್ಕದ ಕೋಚಿಂಗ್ ಹುಡುಗಿಯರಿಗೆ ಪಿಎಸ್‌ಐ ಆಗಲು 157 ಸೆಂ.ಮೀ. ಎತ್ತರ ಬೇಕೆಂದು ಪೊಲೀಸ್ ಇಲಾಖೆ ಮೊದಲೇ ಸಾರಿಬಿಡುತ್ತದೆ. ಸೈಕಲ್ಲಿನವರಿಗೆ ಅಷ್ಟೂ ದಾಕ್ಷಿಣ್ಯವಿಲ್ಲ. ಗಿರಾಕಿಯನ್ನು ಹತ್ತಿಸಿದ ಮೇಲೆಯೇ ಫೇಲು ಮಾಡುತ್ತಾರೆ.

ಇತಿಹಾಸವನ್ನು ಬೇಗ ಮುಗಿಸೋಣ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನ ವಂಶವೇ ಇಂದಿಗೂ ಬೆಳೆದುಬಂದಿದೆ. ಸರಿಯಾಗಿ ನೂರು ವರ್ಷಕ್ಕೆ, 1985ರಲ್ಲಿ, ಅಮೆರಿಕದ ಜಾರ್ಜಿನಾ ಟೆರಿ ಕಂಪನಿ ಕಟ್ಟಿ, ಮುಂದಿನ ಗಾಲಿಯನ್ನೇ ಚಿಕ್ಕದಾಗಿಸಿ ಗಿಡ್ಡ ಹೆಂಗಸರಿಗೆ ಹ್ಯಾಂಡಲ್ ಹತ್ತಿರ ತಂದುಕೊಟ್ಟಳು. ಸುದ್ದಿ ಇನ್ನೂ ನಮ್ಮ ಅಂಗಡಿ ತಲುಪಿಲ್ಲ.

ಅಂಗಡಿಯ ಹಿಂಭಾಗದಲ್ಲಿ, ಮೂರು ಗಾಲಿಯ ಮಕ್ಕಳ ಸೈಕಲ್ಲುಗಳ ನಡುವೆ ಸಿದ್ಧಾಂತ ಸಿಕ್ಕಿತು. 24 ಇಂಚಿನ ಗಾಲಿ, ಹಿಂದಕ್ಕೆ ಇಳಿಜಾರಾದ ಅಲಾಯ್ ಫ್ರೇಮ್, ಕ್ರ್ಯಾಂಕ್ 152. ಬಾರ್ ದಾಟಿ ನಿಂತರೆ ಮೂರು ಬೆರಳು ಸಂದು! ಮುಂದೆ ಸ್ಪ್ರಿಂಗ್ ಇಲ್ಲದ್ದೂ ಒಳ್ಳೆಯದೇ ಆಯಿತು. ಅಗ್ಗದ ಸ್ಪ್ರಿಂಗ್ ಫೋರ್ಕು ನಲವತ್ತೈದು ಕೆ.ಜಿ.ಯವರು ಕೂತರೆ ಗಮನಿಸುವುದೂ ಇಲ್ಲ, ಭಾರ ಮಾತ್ರ ಹೇರುತ್ತದೆ. ಸೀಟಿನ ಪೈಪು ಗಿಡ್ಡವಾಗಿತ್ತು, ಉದ್ದದ್ದು ಹಾಕಿಸಲಾಯಿತು. ಬೆರಳು ಬ್ರೇಕಿಗೆ ಎಟುಕುತ್ತಿರಲಿಲ್ಲ. ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್‌ಗೆ ಸಮೀಪಿಸುತ್ತದೆ. ಈ ಜ್ಞಾನ ಹುಟ್ಟಿದ್ದು ಅಂಗಡಿಯ ಮಾಲೀಕನಲ್ಲಿ ಅಲ್ಲ, ಪಂಕ್ಚರ್ ತಿದ್ದುತ್ತಿದ್ದ ಹುಡುಗನಲ್ಲಿ. ‘ಅಕ್ಕಾರ, ಇದು ಸಣ್ಣ ಹುಡುಗರದ್ ರೀ’ ಎಂದು ಮಾಲೀಕ ಕೊನೆಯ ಪ್ರತಿವಾದ ಹೂಡಿದ. ಕಾಸು ಕೈಗೆ ಬಿದ್ದ ಮೇಲೆ ಆ ವಾದ ನಿಲ್ಲಲಿಲ್ಲ.

ಫ್ರೇಮಿನ ಮೇಲಿದ್ದ ‘9ರಿಂದ 12 ವರ್ಷ’ ಎಂಬ ಸ್ಟಿಕರನ್ನು ನಾಯಕಿ ಉಗುರಿನಿಂದ ಕೆರೆದು ತೆಗೆದಿದ್ದಾರೆ. ಆದರೆ ಕೆಳಗಿನ ಮನೆಯ ಆರನೇ ಇಯತ್ತೆಯ ಹುಡುಗ ಅದಕ್ಕೂ ಮೊದಲೇ ಓದಿಕೊಂಡಿದ್ದ. ಹೀಗಾಗಿ ಸಂಜೆ ಐದರ ಮೇಲೆ ಸೈಕಲ್ಲು ಸಂಶೋಧನೆಗೆ ಲಭ್ಯವಿಲ್ಲ.