ಕ್ರೀಡಾಪೇಟಿಕಾ ಮೌಲ್ಯ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರು ಹಾಕಿಕೊಟ್ಟ ಕ್ರಮವಾದುದರಿಂದ, ಅದನ್ನು ಮೀರುವ ಧಾರ್ಷ್ಟ್ಯವಿಲ್ಲದ ನಾವು ಮೊದಲಿಗೇ ಹೇಳಿಬಿಡುವುದೇನೆಂದರೆ: ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ, ತರುಣರು ಕನ್ಸೋಲ್ ಎಂದು ಕರೆಯುವ ಕ್ರೀಡಾಪೇಟಿಕೆಯು ತೆತ್ತ ಹಣಕ್ಕೆ ತಕ್ಕುದೋ ಅಲ್ಲವೋ ಎಂಬುದು ಈ ಪ್ರಬಂಧದ ವಿಷಯ, ಹಣ ತೆರುವ ಹಿರಿಯರ ಮನಶ್ಶಾಂತಿ ಇದರ ಪ್ರಯೋಜನ, ಆ ಪೇಟಿಕೆಗೂ ಅದನ್ನು ಕುರಿತು ಪತ್ರಿಕೆಗಳಲ್ಲಿ ಬರೆಯುವ ಪಂಡಿತರಿಗೂ ನಡುವೆ ಇರುವುದೇ ಸಂಬಂಧ, ಅದು ಎಂಥ ಸಂಬಂಧವೆಂಬುದನ್ನು ಮುಂದೆ ವಿವರಿಸಲಾಗುವುದು, ಇನ್ನು ಅಧಿಕಾರಿ ಯಾರೆಂದರೆ, ಜೂನ್ ಮೊದಲ್ಗೊಂಡು ಸೆಪ್ಟೆಂಬರ್‌ವರೆಗೆ ಕೊಡಗಿನ ಕಕ್ಕಬೆಯಲ್ಲಿ ಮನೆಯೊಳಗೆ ಕುಳಿತಿರಬೇಕಾದ ಯಾವನಾದರೂ ಆಗಬಹುದು.

ಕಕ್ಕಬೆಯೇ ಏಕೆಂದು ಆಕ್ಷೇಪಿಸುವವರುಂಟು. ಟೋಕಿಯೋ, ಲಂಡನ್ ಮುಂತಾದ ನಗರಗಳಲ್ಲಿ ಕುಳಿತು ಈ ಪೇಟಿಕೆಯ ಗುಣದೋಷಗಳನ್ನು ವಿವೇಚಿಸಿದ ವಿದ್ವಾಂಸರೆಲ್ಲರೂ ಕರೆಂಟ್ ಎಂಬುದು ನಿತ್ಯವಸ್ತುವೆಂಬ ಭ್ರಾಂತಿಯಿಂದಲೇ ಹೊರಟವರಾದ್ದರಿಂದ ಅವರ ಸಿದ್ಧಾಂತಗಳ ತಳಪಾಯವೇ ಸಡಿಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟವು ಪಡುವಣ ಮೋಡಗಳನ್ನು ತಡೆದು ನಿಲ್ಲಿಸುವ, ಮಳೆ ಬೆಳೆಗಳ ಅಧಿದೈವವಾದ ಪಾಡಿ ಇಗ್ಗುತ್ತಪ್ಪನು ನೆಲೆಸಿರುವ, ಮರವೊಂದು ತಂತಿಯ ಮೇಲೆ ಒರಗಿದೊಡನೆ ಇಡೀ ಊರು ಕತ್ತಲಾಗುವ ಈ ಸ್ಥಳದಲ್ಲಿ ಮಾತ್ರವೇ ಪೇಟಿಕೆಯ ನಿಜವಾದ ಸತ್ತ್ವವನ್ನು ಪರೀಕ್ಷಿಸಲು ಸಾಧ್ಯ. ಏಕೆಂದರೆ ಕರೆಂಟ್ ಇಲ್ಲದಿರುವಾಗ ಯಾವ ಪದಾರ್ಥ ಎಷ್ಟು ಬೆಲೆಯದೆಂಬುದು ಇಲ್ಲಿಯ ಜನರಿಗೆ ತಿಳಿದಷ್ಟು ಇತರರಿಗೆ ತಿಳಿಯದು.

ವಾದಿ ಪ್ರತಿವಾದಿಗಳು ಇಬ್ಬರು. ಒಬ್ಬರು ತೋಟದ ಯಜಮಾನರು, ಕಾಫಿಯನ್ನೂ ಕರಿಮೆಣಸನ್ನೂ ಹೊರತುಪಡಿಸಿ ಲೋಕದ ಮಿಕ್ಕ ವಸ್ತುಗಳನ್ನೆಲ್ಲ ಖರ್ಚೆಂದು ಭಾವಿಸಿದವರು. ಇನ್ನೊಬ್ಬನು ಅವರ ಸೋದರಳಿಯ, ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮಾವನ ಮನೆಯ ಜಗಲಿಯಿಂದಲೇ ಮಾಡುವ ತರುಣ. ಹಿರಿಯರದು ಪೂರ್ವಪಕ್ಷ: 1997ರಲ್ಲಿ ನಮ್ಮ ನಾಡಿನ ಕರಡದಲ್ಲೇ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿರಲಾಗಿ, ಕೋಲು, ಚೆಂಡು, ಮೈದಾನ ಇವುಗಳಿಗಿಂತ ಹೆಚ್ಚಿನ ಕ್ರೀಡಾಸಾಮಗ್ರಿ ಯಾರಿಗಾದರೂ ಏಕೆ ಬೇಕು? ಇದಕ್ಕೆ ಅಳಿಯನು, ‘ಮಾವ, ಆಷಾಢದಲ್ಲಿ ಮೈದಾನ ಎಲ್ಲಿದೆ, ತೋರಿಸಿ ನೋಡೋಣ’ ಎಂದುತ್ತರಿಸಿದನು. ಈ ಉತ್ತರವು ತರ್ಕದಲ್ಲಿ ಪ್ರತ್ಯಕ್ಷ ಪ್ರಮಾಣವೆನಿಸಿಕೊಳ್ಳುವುದರಿಂದ ಪೂರ್ವಪಕ್ಷದ ಈ ಭಾಗವು ಅಲ್ಲಿಗೇ ಬಿದ್ದುಹೋಯಿತು.

ಪೇಟಿಕೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವೆವು. ಈ ವಂಶದ ಮೂಲಪುರುಷನು 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ. ಶಬ್ದವೇ ಇಲ್ಲದ ಆ ಪೇಟಿಕೆಯು ಟೆಲಿವಿಷನ್ನಿನ ಗಾಜಿಗೆ ಅಂಟಿಸಲು ಬಣ್ಣದ ಪ್ಲಾಸ್ಟಿಕ್ ಹಾಳೆಗಳನ್ನೂ, ಕೈಯಲ್ಲಿ ಉರುಳಿಸಲು ದಾಳಗಳನ್ನೂ, ಆಟದ ನೋಟುಗಳನ್ನೂ ಕೂಡಿಕೊಂಡು ಬರುತ್ತಿದ್ದಿತು. ಅಂದರೆ ಯಂತ್ರ ಕೈಕೊಟ್ಟರೆ ಪಗಡೆಯಾಡಲು ಅನುಕೂಲವಿದ್ದಿತು, ಇಂಥ ದೂರದೃಷ್ಟಿ ಅದರ ಸಂತತಿಯಲ್ಲಿ ಉಳಿಯದೆ ಹೋದದ್ದು ಶೋಚನೀಯ. ಜಪಾನಿನ ನಿಂಟೆಂಡೋ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಪೇಟಿಕೆಯ ನಕಲುಗಳು 1990ರ ದಶಕದಲ್ಲಿ ಸಮುರಾಯ್ ಮುಂತಾದ ಹೆಸರುಗಳಿಂದ ನಮ್ಮ ದೇಶದ ಪೇಟೆಗಳನ್ನು ಹೊಕ್ಕು, ವಿಡಿಯೋ ಗೇಮ್ ಎಂಬ ನಾಮಧೇಯದಿಂದ ಪ್ರಸಿದ್ಧವಾದವು. ಅವುಗಳ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚಾಗಿರುತ್ತಿದ್ದಿತು. ಒಳಹೊಕ್ಕು ನೋಡಿದರೆ ಬೆರಳೆಣಿಕೆಯ ಆಟಗಳೇ ನಾಮರೂಪಗಳನ್ನು ಬದಲಿಸಿಕೊಂಡು ಮರಳಿ ಮರಳಿ ತೋರುತ್ತಿದ್ದವು. ವಿವರ್ತವಾದವನ್ನು ಇಷ್ಟು ಕಡಿಮೆ ಬೆಲೆಗೆ, ಅದೂ ಮಕ್ಕಳಿಗೆ, ಬೋಧಿಸಿದ ಮತ್ತೊಂದು ಸಾಧನ ನಮಗೆ ಕಾಣದು.

ಆ ನಕಲು ಪೇಟಿಕೆಗಳ ಜೊತೆಗೆ ಒಂದು ಪ್ಲಾಸ್ಟಿಕ್ ಬಂದೂಕೂ ಬರುತ್ತಿದ್ದಿತು. ಈ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವ, ಕೈಲ್‌ಪೊಳ್ದಿನಂದು ಕೋವಿಗಳಿಗೆ ಹೂವಿಟ್ಟು ಪೂಜಿಸಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ನಾಡಿನೊಳಗೆ, ಗಾಜಿನ ಮೇಲೆ ಹಾರುವ ಬಾತುಕೋಳಿಗಳನ್ನು ಹೊಡೆಯುವ ಈ ಆಯುಧವು ಪ್ರವೇಶಿಸಿದಾಗ ಹಿರಿಯರಿಗೆ ಉಂಟಾದ ಕುತೂಹಲವನ್ನು ಊಹಿಸಿಕೊಳ್ಳಬಹುದು. ಅದರ ಮರ್ಮವೇನೆಂದರೆ, ಕುದುರೆಯನ್ನು ಎಳೆದೊಡನೆ ತೆರೆಯು ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಸ್ಥಳ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಬಂದೂಕಿನ ಬಾಯಿಯೊಳಗಿರುವ ಬೆಳಕಿನ ಕಣ್ಣು ಆ ಹೊಳಪನ್ನು ಕಂಡರೆ ಗುರಿ ತಾಗಿತು, ಕಾಣದಿದ್ದರೆ ತಪ್ಪಿತು. ಎಂದರೆ ಇಲ್ಲಿ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಬಾತುಕೋಳಿಯಿಂದ ಹೊರಟದ್ದು ಬಂದೂಕನ್ನು ಬಂದು ಸೇರುತ್ತದೆ. ಈ ಸಂಗತಿಯನ್ನು ಅಳಿಯನು ವಿವರಿಸಲಾಗಿ, ಮಾವನವರು ಬಹಳ ಹೊತ್ತು ಯೋಚಿಸಿ, ಹಾಗಾದರೆ ಇದು ಬೇಟೆಯಲ್ಲ, ಬಾತುಕೋಳಿಯ ಔದಾರ್ಯ ಎಂದು ತೀರ್ಪಿತ್ತರು. ಇದಕ್ಕೆ ಪ್ರತ್ಯುತ್ತರವಾಗಿ ಯಾವ ಪತ್ರಿಕೆಯಲ್ಲಿಯೂ ಏನನ್ನೂ ಓದಿದ ನೆನಪು ನಮಗಿಲ್ಲ.

ಈಗ ಬೆಲೆಯ ವಿಚಾರ. ಪ್ಲೇಸ್ಟೇಷನ್ 5 ಎಂಬ ಪೇಟಿಕೆಯು 2021ರ ಫೆಬ್ರವರಿ 2ರಂದು ಭಾರತದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 49,990 ರೂಪಾಯಿ. ಡಿಸ್ಕ್ ಹಾಕುವ ಬಾಯಿ ಇಲ್ಲದ ಡಿಜಿಟಲ್ ಭೇದಕ್ಕೆ 39,990. ಹಿಂದಿನ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬ ಚಿಕ್ಕ ಪೇಟಿಕೆಗೆ 34,990. ಪೇಟಿಕೆಗಳ ಮೇಲಿನ ಜಿಎಸ್‌ಟಿ ಮೊದಲು ನೂರಕ್ಕೆ 28 ಇದ್ದು, 2019ರ ಆರಂಭದಿಂದ 18ಕ್ಕೆ ಇಳಿದಿದೆಯೆಂದು ಅಳಿಯನು ಸಮಾಧಾನ ಹೇಳಿದಾಗ, ಉಳಿದ 18 ಯಾವ ಪಾಪಕ್ಕೆಂದು ಮಾವನವರು ಕೇಳಿದರು. ಡಿಸ್ಕಿನ ಬಾಯಿಗೆ ಹತ್ತು ಸಾವಿರವೇ ಎಂದು ನಗರವಾಸಿಗಳು ಹುಬ್ಬೇರಿಸುವರಾದರೂ ಕಕ್ಕಬೆಯ ಶಾಸ್ತ್ರದಲ್ಲಿ ಆ ಬಾಯಿಯೇ ಪೇಟಿಕೆಯ ಪ್ರಾಣ. 100 ಜಿಬಿಯ ಒಂದು ಆಟವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಇಳಿಸಿಕೊಳ್ಳಲು ತಡೆಯಿಲ್ಲದೆ 22 ಗಂಟೆಗಳಿಗೂ ಮಿಗಿಲಾದ ಕಾಲ ಬೇಕೆಂಬುದು ಗಣಿತ. ತಡೆಯಿಲ್ಲದೆ ಎಂಬ ಪದಕ್ಕೆ ಜುಲೈ ತಿಂಗಳಿನಲ್ಲಿ ಅರ್ಥವಿಲ್ಲವೆಂಬುದು ಅನುಭವ.

ಇಲ್ಲಿ ಮಾವನವರು ಒಂದು ಅಪೂರ್ವ ಮಾನದಂಡವನ್ನು ಪ್ರಯೋಗಿಸಿದರು. ಕಾಫಿ ಮಾರುವವರಿಗೆಲ್ಲ ತಿಳಿದಿರುವಂತೆ, 50 ಕಿಲೋ ಒಣಚೆರಿಯ ಚೀಲದಿಂದ ಎಷ್ಟು ಕಿಲೋ ಶುದ್ಧ ಬೀಜ ದೊರೆಯುತ್ತದೆಂಬ ಲೆಕ್ಕಕ್ಕೆ ಓಟಿ ಎಂದು ಹೆಸರು. ರೊಬಸ್ಟಾ ಚೆರಿಗೆ 26, 28 ಬಂದರೆ ವ್ಯಾಪಾರಿಯೂ ಬೆಳೆಗಾರನೂ ಮುಖಕ್ಕೆ ಮುಖ ಕೊಟ್ಟು ಮಾತನಾಡಬಹುದು. ಪ್ಲೇಸ್ಟೇಷನ್ 5ರ ಉಗ್ರಾಣವು 825 ಜಿಬಿ ಎಂದು ಡಬ್ಬಿಯ ಮೇಲೆ ಅಚ್ಚಾಗಿದ್ದರೂ, ಯಂತ್ರವು ತನ್ನ ಸ್ವಂತ ಸಂಸಾರಕ್ಕೆ ತೆಗೆದುಕೊಂಡ ಮೇಲೆ ಆಟಗಳಿಗೆ ಉಳಿಯುವುದು ಸುಮಾರು 667 ಜಿಬಿ. ಇದನ್ನು 50ರ ಚೀಲಕ್ಕೆ ಇಳಿಸಿದರೆ ಓಟಿ 40ಕ್ಕೆ ಮಿಗಿಲಾಯಿತು. ಇಷ್ಟು ಓಟಿ ಬರುವ ಚೆರಿಯನ್ನು ತಮ್ಮ ಜೀವಮಾನದಲ್ಲಿ ಕಂಡಿಲ್ಲವೆಂದು ಒಪ್ಪಿಕೊಂಡ ಹಿರಿಯರು ಕ್ಷಣಕಾಲ ಸಿದ್ಧಾಂತಪಕ್ಷಕ್ಕೆ ವಾಲಿದರೆಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ತರುಣರಲ್ಲಿ ಪ್ರಚಲಿತವಾದ ಮತ್ತೊಂದು ಮಾನವುಂಟು: ಆಟದ ಬೆಲೆಯನ್ನು ಅದು ನಡೆಯುವ ಗಂಟೆಗಳಿಂದ ಭಾಗಿಸಿ, ಗಂಟೆಗೆಷ್ಟು ರೂಪಾಯಿ ಬಿತ್ತೆಂದು ನೋಡುವುದು. 4,999 ರೂಪಾಯಿಯ ಆಟವು ನೂರು ಗಂಟೆ ನಡೆದರೆ ಗಂಟೆಗೆ 50 ರೂಪಾಯಿಗೆ ಸಮನಾಗಿ ಬೀಳುವುದರಿಂದ ಅದು ಅಗ್ಗವೆಂದು ಅವರ ವಾದ. ದೀರ್ಘವಾದದ್ದೆಲ್ಲ ಅಗ್ಗವೆಂದಾದರೆ, ಬೆಳಗ್ಗೆ ಆರಂಭವಾಗಿ ಸಂಜೆಯಾದರೂ ಮುಗಿಯದ, ಪ್ರವೇಶಶುಲ್ಕವೂ ಇಲ್ಲದ ಸಹಕಾರ ಸಂಘದ ಮಹಾಸಭೆಯು ಮನುಷ್ಯಕೋಟಿಯ ಪರಮ ಮನರಂಜನೆಯೆನಿಸಬೇಕಾಗುತ್ತದೆ. ಈ ಮಾನವನ್ನು ನಾವು ತಿರಸ್ಕರಿಸಿದ್ದೇವೆ.

ಪ್ರತ್ಯಕ್ಷದಿಂದಲೂ ಅನುಮಾನದಿಂದಲೂ ನಿರ್ಣಯವಾಗದ ವಿಷಯದಲ್ಲಿ ಶಬ್ದಪ್ರಮಾಣಕ್ಕೆ, ಎಂದರೆ ಆಪ್ತರ ಮಾತಿಗೆ, ಶರಣಾಗಬೇಕು. ಆಪ್ತನೆಂದರೆ ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳುವವನು. ಕ್ರೀಡಾವಿಮರ್ಶಕರು ಆಪ್ತರೇ? 1986ರಲ್ಲಿ ಹುಟ್ಟಿದ ಜಪಾನಿನ ಫ್ಯಾಮಿಟ್ಸು ಪತ್ರಿಕೆಯು ನಾಲ್ವರು ವಿಮರ್ಶಕರನ್ನು ಕೂಡಿಸಿ ಒಬ್ಬೊಬ್ಬರಿಂದ ಹತ್ತರಂತೆ ನಲವತ್ತಕ್ಕೆ ಅಂಕ ಹಾಕಿಸುವ ಪದ್ಧತಿಯನ್ನು ತಂದಿತು. 1998ರ ಜೆಲ್ಡಾ ಆಟವೊಂದಕ್ಕೆ ನಲವತ್ತಕ್ಕೆ ನಲವತ್ತು ಮೊದಲ ಬಾರಿಗೆ ದೊರೆಯಿತು. ಅಂಕಶಾಸ್ತ್ರದ ಸ್ವಭಾವವೇನೆಂದರೆ ಅಂಕಗಳು ಹತ್ತಿದ್ದರೂ ಪ್ರಾಯಶಃ ಏಳರ ಕೆಳಗೆ ಯಾರೂ ಇಳಿಯುವುದಿಲ್ಲ, ಏಳು ಎಂದರೆ ನಿಂದೆಯೆಂದು ಅರ್ಥ. ಇಂಗ್ಲೆಂಡಿನ ಎಡ್ಜ್ ಪತ್ರಿಕೆಯವರು 1994ರಲ್ಲಿ ಡೂಮ್ ಎಂಬ ರಾಕ್ಷಸಸಂಹಾರದ ಆಟಕ್ಕೆ ಏಳು ಕೊಟ್ಟು, ಆ ರಾಕ್ಷಸರೊಡನೆ ಮಾತನಾಡುವಂತಿದ್ದಿದ್ದರೆ ಚೆನ್ನಾಗಿತ್ತೆಂದು ಬರೆದುದಕ್ಕಾಗಿ ಇಂದಿಗೂ ಅಪಹಾಸ್ಯಕ್ಕೆ ಗುರಿಯಾಗಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಪರಂಪರೆಯಲ್ಲಿ ನೀತಿಶಾಸ್ತ್ರವನ್ನು ಬಲ್ಲವನು ಆ ವಿಮರ್ಶಕನೊಬ್ಬನೇ. ಸಾಮ, ದಾನ, ಭೇದಗಳೆಂಬ ಮೂರು ಉಪಾಯಗಳನ್ನು ಪರೀಕ್ಷಿಸದೆ ಮೊದಲಿಗೇ ದಂಡೋಪಾಯಕ್ಕೆ ಕೈಹಾಕುವ ನಾಯಕನಿಗೆ ಏಳು ಅಂಕವೇ ಅಧಿಕ.

ಅಂಕಗಳಿಂದ ಹೊಟ್ಟೆ ಹೊರೆಯುವ ಕಷ್ಟವನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1942ರ ಕಾಯಿದೆಯ ಅನಂತರ ಕಾಫಿ ಮಂಡಳಿಯ ಪೂಲಿಗೆ ಬೆಳೆಯನ್ನೆಲ್ಲ ಒಪ್ಪಿಸಿ, ದರ್ಜೆಗೆ ತಕ್ಕ ಪಾಯಿಂಟುಗಳನ್ನು ಪಡೆದು, ಆ ಪಾಯಿಂಟುಗಳ ಮೇಲೆ ಕಂತು ಕಂತಾಗಿ ಬರುವ ಹಣಕ್ಕಾಗಿ ಅಂಚೆಯವನ ದಾರಿ ಕಾದವರು ಈ ಊರಿನಲ್ಲಿ ಇನ್ನೂ ಇದ್ದಾರೆ. 1990ರ ದಶಕದಲ್ಲಿ ಆ ಪದ್ಧತಿ ಕಳಚಿತು. ಅದೇ ಪದ್ಧತಿಯು ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ರೂಪದಲ್ಲಿ 2001ರಲ್ಲಿ ಅಮೆರಿಕದಲ್ಲಿ ಅವತರಿಸಿತೆಂದು ಕೇಳಿ ಮಾವನವರಿಗೆ ವಿಷಾದವಾಯಿತು. 2010ರಲ್ಲಿ ಫಾಲ್‌ಔಟ್: ನ್ಯೂ ವೇಗಸ್ ಎಂಬ ಆಟವನ್ನು ಕಟ್ಟಿದ ಅಬ್ಸಿಡಿಯನ್ ಸಂಸ್ಥೆಗೆ, ಸರಾಸರಿ 85 ಬಂದರೆ ಬೋನಸ್ ಎಂದು ಒಪ್ಪಂದವಾಗಿದ್ದು, ಬಂದದ್ದು 84. ಒಂದು ಪಾಯಿಂಟಿನಲ್ಲಿ ದರ್ಜೆ ತಪ್ಪಿದವರ ಸಂಕಟವನ್ನು ಬಲ್ಲ ಹಿರಿಯರು, ಆಟವನ್ನೇ ನೋಡದೆ, ಆ ಸಂಸ್ಥೆಯ ಪರವಾಗಿ ಮಾತನಾಡಿದರು.

ಸಂಬಂಧವನ್ನು ವಿವರಿಸುವೆವೆಂದು ಹೇಳಿದ್ದೆವಷ್ಟೆ. 2007ರಲ್ಲಿ ಗೇಮ್‌ಸ್ಪಾಟ್ ಎಂಬ ಜಾಲತಾಣದಲ್ಲಿ ವಿಮರ್ಶಕನಾಗಿದ್ದ ಜೆಫ್ ಗರ್ಸ್ಟ್‌ಮನ್ ಎಂಬಾತನು ಕೇನ್ ಅಂಡ್ ಲಿಂಚ್ ಎಂಬ ಆಟಕ್ಕೆ ಆರು ಅಂಕ ಕೊಟ್ಟನು. ಅದೇ ಸಮಯದಲ್ಲಿ ಅದೇ ಆಟದ ಜಾಹೀರಾತು ಅದೇ ಪುಟಗಳ ತುಂಬ ರಾರಾಜಿಸುತ್ತಿದ್ದಿತು. ಆತನು ಕೆಲಸ ಕಳೆದುಕೊಂಡನು. ಜಾಹೀರಾತುದಾರರ ಅಸಮಾಧಾನಕ್ಕೆ ಆಡಳಿತದವರು ಅಂಜಿದರೆಂದು 2012ರಲ್ಲಿ ತಾನೇ ಬಾಯಿಬಿಟ್ಟು ಹೇಳಿದನು. ಕಾಫಿಯ ರುಚಿ ನೋಡುವವರ ಮುಂದೆ ಬಟ್ಟಲುಗಳನ್ನಿಡುವಾಗ ತೋಟದ ಹೆಸರಿರುವುದಿಲ್ಲ, ಸಂಕೇತಸಂಖ್ಯೆ ಮಾತ್ರ ಇರುತ್ತದೆ. ಹೀರಿ, ಉಗುಳಿ, ನೂರಕ್ಕೆ ಇಷ್ಟೆಂದು ಬರೆದ ಮೇಲೆಯೇ ಅದು ಯಾರದೆಂದು ತಿಳಿಯುವುದು. ಆಟದ ವಿಮರ್ಶಕನಿಗಾದರೋ ಹೆಸರು ಮೊದಲೇ ತಿಳಿದಿರುತ್ತದೆ, ಪ್ರತಿ ಪುಕ್ಕಟೆ ಬರುತ್ತದೆ, ಯಾವ ದಿನ ಎಷ್ಟು ಗಂಟೆಯವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂಬ ಕರಾರೂ ಜೊತೆಗೆ ಬರುತ್ತದೆ; ಉಗುಳುವುದಕ್ಕೆ ಮಾತ್ರ ಅವಕಾಶವಿಲ್ಲ.

ಸ್ಯಾಂಪಲ್ಲಿನ ವಿಷಯದಲ್ಲಿಯೂ ಹಾಗೆಯೇ. 2020ರ ಸೈಬರ್‌ಪಂಕ್ 2077 ಆಟದ ಬಿಡುಗಡೆಯು ಮೂರು ಬಾರಿ ಮುಂದಕ್ಕೆ ಹೋಗಿ ಕೊನೆಗೆ ಡಿಸೆಂಬರ್ 10ಕ್ಕೆ ನಿಂತಿತು. (ಸುಗ್ಗಿಯ ಹಬ್ಬವಾದ ಪುತ್ತರಿಯ ಮುಹೂರ್ತವನ್ನು ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಒಮ್ಮೆ ನಿಶ್ಚಯಿಸಿದರೆ ಮುಗಿಯಿತು, ಭತ್ತ ಇನ್ನೂ ಸಿದ್ಧವಾಗಿಲ್ಲವೆಂದು ಕದಿರು ತೆಗೆಯುವುದನ್ನು ಮೂರು ಸಲ ಮುಂದೂಡಿದ ನಿದರ್ಶನ ನಮ್ಮಲ್ಲಿಲ್ಲ.) ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ, ಅವರು ಅದನ್ನು ಸವಿದು ಮೆಚ್ಚಿದರು. ಹಳೆಯ ಪೇಟಿಕೆಗಳಲ್ಲಿ ಹಾಕಿದವರಿಗೆ ದೊರೆತದ್ದು ಎಡವುತ್ತ ಮುಗ್ಗರಿಸುತ್ತ ನಡೆಯುವ ಮತ್ತೊಂದು ಪದಾರ್ಥ. ಒಂದು ವಾರದಲ್ಲಿ ಸೋನಿ ಸಂಸ್ಥೆಯು ಅದನ್ನು ತನ್ನ ಅಂಗಡಿಯಿಂದ ತೆಗೆದು, ಮುಂದಿನ ವರ್ಷದ ಜೂನ್‌ವರೆಗೆ ಹೊರಗಿಟ್ಟಿತು. ಅರೇಬಿಕಾದ ಸ್ಯಾಂಪಲ್ ತೋರಿಸಿ ಕರಿಚೆರಿಯ ಲೋಡ್ ಕಳುಹಿಸಿದವನನ್ನು ವಿರಾಜಪೇಟೆಯ ವ್ಯಾಪಾರಿಗಳು ಏನೆಂದು ಕರೆಯುವರೋ ಅದನ್ನು ಈ ಪ್ರಬಂಧದಲ್ಲಿ ಬರೆಯುವಂತಿಲ್ಲ.

ಆದಕಾರಣ ವಿಮರ್ಶಕರಿಗೆ ಅಂಕ ಕೊಡುವ ಹಕ್ಕನ್ನು ಸದ್ಯಕ್ಕೆ ನಿಲ್ಲಿಸಿ, ನಮ್ಮ ಕನ್ನಡ ಪತ್ರಿಕೆಗಳು ಚಿರಕಾಲದಿಂದ ಪಾಲಿಸಿಕೊಂಡು ಬಂದ ‘ಸಾದರ ಸ್ವೀಕಾರ’ ಎಂಬ ಅಂಕಣವನ್ನು ಲೋಕಕ್ಕೆ ಸೂಚಿಸುವುದು ನಮ್ಮ ಸಿದ್ಧಾಂತ. ಪುಸ್ತಕವು ಪುಕ್ಕಟೆಯಾಗಿ ಬಂದಿತೆಂಬುದನ್ನು ಶೀರ್ಷಿಕೆಯಲ್ಲೇ ಒಪ್ಪಿಕೊಂಡು, ಕರ್ತೃ, ಪುಟ, ಬೆಲೆ ಇಷ್ಟನ್ನು ಹೇಳಿ ಮೌನವಾಗುವ ಆ ಅಂಕಣದಷ್ಟು ನಿಷ್ಕಪಟವಾದ ವಿಮರ್ಶೆಯನ್ನು ಫ್ಯಾಮಿಟ್ಸು ಆಗಲಿ ಎಡ್ಜ್ ಆಗಲಿ ಸಾಧಿಸಿಲ್ಲ. ಮಾವ ಅಳಿಯರಿಬ್ಬರೂ ಸಮ್ಮತಿಸಿದ ಮಾದರಿಯನ್ನು ಕೆಳಗೆ ಕೊಟ್ಟಿದೆ. ಪೇಟಿಕೆಯನ್ನು ಸ್ವೀಕರಿಸಿದವನು ಅಳಿಯ, ಸಾದರವು ಯಾರದೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಉಳಿದಿದೆ.

‘ಪ್ಲೇಸ್ಟೇಷನ್ 5. ಕರ್ತೃ: ಸೋನಿ. ತೂಕ: 4.5 ಕಿಲೋ. ಬೆಲೆ: ರೂ. 49,990, ಮಾವನವರಿಂದ. ಓಟಿ: 40. ಕರೆಂಟ್ ಬಂದ ಮೇಲೆ ವಿಮರ್ಶಿಸಲಾಗುವುದು.’