ಇನ್ನೂ ನಡೆಯದ ಅಪಘಾತದ ತನಿಖಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮುಂದಿನ ವಿಮಾನ ಅಪಘಾತದ ತನಿಖೆಗೆ ತಮ್ಮ ನೇಮಕ ಇನ್ನೂ ಆಗಿಲ್ಲ. ಅಪಘಾತವೂ ಆಗಿಲ್ಲ. ಆದರೂ ಅಭಿನಂದನೆ ಮುಂಗಡವಾಗಿಯೇ ಇರಲಿ. ತಮ್ಮ ಶ್ರಮ ಕಡಿಮೆ ಮಾಡಲೆಂದೇ ಈ ಪತ್ರ. ವರದಿಯ ಕೊನೆಯ ಸಾಲು ಸಿದ್ಧವಾಗಿದೆ: ‘ಪೈಲಟ್ ತಪ್ಪು’. ತಾರೀಖು, ಊರು, ವಿಮಾನದ ನಂಬರು ತುಂಬಿ ಸಹಿ ಹಾಕಿದರೆ ಆಯಿತು.

ನಾನಿರುವುದು ಠಾಣೆಯ ಮಾಜಿವಾಡಾದಲ್ಲಿ, ನಾಶಿಕ್ ಹೆದ್ದಾರಿಗೆ ಘೋಡ್‌ಬಂದರ್ ರಸ್ತೆ ಬಂದು ಕೂಡುವ ನಾಕಾದ ಹತ್ತಿರ. ನ್ಹಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳು ಗುಜರಾತಿನ ಕಡೆ ಹೋಗುವುದೂ ಇದೇ ದಾರಿಯಲ್ಲಿ. ಅಪರಾತ್ರಿ ಒಂದು ಉರುಳಿತೆನ್ನಿ, ಕ್ರೇನ್ ಬರುವ ಮೊದಲೇ ಟಪರಿಯಲ್ಲಿ ಕಟಿಂಗ್ ಚಹಾದ ಜೊತೆ ತೀರ್ಪು ಹೊರಬಿದ್ದಿರುತ್ತದೆ: ‘ಡ್ರೈವರ್ ಝೋಪ್ಲಾ.’ ನಿದ್ದೆ ಹೋದ, ಮುಗಿಯಿತು. ಎಷ್ಟು ಗಂಟೆಯಿಂದ ಸ್ಟಿಯರಿಂಗ್ ಹಿಡಿದಿದ್ದ, ಮಾಲು ಎಷ್ಟು ಹೊತ್ತಿಗೆ ಮುಟ್ಟಬೇಕೆಂದು ಮಾಲೀಕ ಹೇಳಿದ್ದ ಎಂದೆಲ್ಲ ಕೇಳುತ್ತ ನಿಂತರೆ ಚಹಾ ಆರಿಹೋಗುತ್ತದೆ.

ತಾವು ಮಾತ್ರ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ದಾರಿ ಹಿಡಿಯಬಾರದು. 2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಜನರಲ್ಲಿ ಉಳಿದವರು ಎಂಟೇ ಮಂದಿ. ಗುರುತಿನವರ ಹೆಸರಿಗಾಗಿ ಪಟ್ಟಿಯ ಮೇಲೆ ಕಣ್ಣಾಡಿಸದ ಕರಾವಳಿಯ ಮನೆ ಮುಂಬೈ-ಠಾಣೆಯಲ್ಲಿ ಅಂದು ಇದ್ದಿರಲಾರದು. ಗೋಖಲೆಯವರ ತನಿಖೆಗೆ ಎಂಥ ಅನುಕೂಲವಿತ್ತು ನೋಡಿ. ಕಾಕ್‌ಪಿಟ್ಟಿನ ಧ್ವನಿಮುದ್ರಣ ಸುಮಾರು ಎರಡು ಗಂಟೆಯದು, ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ತೀರ ಎತ್ತರದಲ್ಲಿತ್ತು. 2,450 ಮೀಟರಿನ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟುವಷ್ಟರಲ್ಲಿ ಸುಮಾರು 1,600 ಮೀಟರು ಹಿಂದೆ ಸರಿದಿತ್ತು. ಝೋಪ್ಲಾ! ನಮ್ಮ ಟಪರಿಯವರಾದರೆ ಇಷ್ಟಕ್ಕೇ ಎದ್ದು ಹೋಗುತ್ತಿದ್ದರು.

ಗೋಖಲೆಯವರು ಏಳಲಿಲ್ಲ, ಮುಂದಕ್ಕೂ ಕೇಳಿದರು. ಮಂಗಳೂರಿನ ರಾಡಾರ್ ಆ ದಿನ ಕೆಟ್ಟು ಕೂತಿತ್ತು, ಹಾಗಾಗಿ ಎತ್ತರ ತಗ್ಗಿಸಲು ಅನುಮತಿ ಸಿಕ್ಕಿದ್ದೇ ತಡವಾಗಿ ಎಂದು ಬರೆದರು. ಹಾರಿದ ಹೊತ್ತು ಮನುಷ್ಯನ ಮೈ ನಿದ್ದೆ ಕೇಳುವ ಹೊತ್ತು ಎಂದೂ ಬರೆದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಹೇಳಿದರೇ ಹೊರತು ನಿಯಂತ್ರಣ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರ ಕಿರಿಯನಿಗೆ ಇದೆಯೋ ಇಲ್ಲವೋ ಎಂಬುದು ನಿಯಮಗಳಲ್ಲೇ ಗೊಂದಲವಾಗಿತ್ತು. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ಮೇಲೆ, ಹಿರಿಯರೆದುರು ಕಿರಿಯರು ಬಾಯಿಬಿಡಬೇಕೆಂದು ಜಗತ್ತಿನ ಪೈಲಟರಿಗೆಲ್ಲ ಪಾಠ ಶುರುವಾಗಿತ್ತು. ಮಂಗಳೂರಿನಲ್ಲಿ ಕಿರಿಯರು ಬಾಯಿಬಿಟ್ಟಿದ್ದರು, ಪಾಪ. ಇದೂ ಸಾಲದೆಂಬಂತೆ, ರನ್‌ವೇ ಮುಗಿದ ಮೇಲೆ ವಿಮಾನದ ರೆಕ್ಕೆ ಬಡಿದ ಆಂಟೆನಾದ ಕಾಂಕ್ರೀಟ್ ಕಟ್ಟೆಯನ್ನೂ ವರದಿಗೆ ಎಳೆದು ತಂದರು. ತಾಗಿದರೆ ಮುರಿದು ಬೀಳುವಂಥದ್ದಾಗಿರಬೇಕಿತ್ತಂತೆ. ಈ ಚಾಳಿ ಅಪಾಯದ್ದು. ಸತ್ತವನೊಬ್ಬ ಒಂಟಿಯಾಗಿ ನಿಲ್ಲಬೇಕಾದ ಕಟಕಟೆಗೆ ಸಂಬಳ, ಪಿಂಚಣಿ ಎಣಿಸುವ ಎಷ್ಟು ಜನ ಹತ್ತಬೇಕಾದೀತು, ಯೋಚಿಸಿ. ಪುಣ್ಯಕ್ಕೆ, ಊರಿನವರಿಗೆ ಇವತ್ತಿಗೂ ನೆನಪಿರುವುದು ನಿದ್ದೆಯೊಂದೇ.

ಯಂತ್ರದ ಗೊಡವೆಗಂತೂ ಹೋಗಲೇಬೇಡಿ. 1990ರ ಫೆಬ್ರವರಿ 14ರಂದು ನಮ್ಮ ಮುಂಬೈಯಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ ಎ-320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನ ತೀರಿಕೊಂಡರು. ಎಂಜಿನ್ ಬಲ ಪೂರ್ತಿ ತಗ್ಗಿಸಿ ಇಳಿಸುವ ಕ್ರಮದಲ್ಲಿ ವಿಮಾನವಿತ್ತು. ವೇಗ ಕುಸಿಯುತ್ತಿರುವುದು ಪೈಲಟರ ಗಮನಕ್ಕೆ ಬಂದದ್ದು ತೀರ ತಡವಾಗಿ. ತಪ್ಪು ಅವರದೇ, ನಾನೂ ಒಪ್ಪುತ್ತೇನೆ. ಎಂಜಿನ್ನಿನ ಬಲ ತಾನಾಗಿ ಏರಿಳಿದರೂ ಕೈಯಡಿಯ ಲಿವರ್ ಮಿಸುಕದಂತೆ ಆ ವಿಮಾನವನ್ನು ಕಟ್ಟಿದ್ದೇಕೆ ಎಂಬುದು ತಮಗೆ ಬೇಡದ ಪ್ರಶ್ನೆ. ಕಟ್ಟಿದವರು ಫ್ರಾನ್ಸಿನಲ್ಲಿದ್ದಾರೆ, ಪ್ರಯಾಣ ಭತ್ಯೆ ದುಬಾರಿ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಡ್ರೀಮ್‌ಲೈನರ್ ಬಿದ್ದಾಗ ನಮ್ಮ ಪಕ್ಕದ ಡೊಂಬಿವಲಿಗೂ ಸಾವಿನ ಸುದ್ದಿ ಬಂತು. ಒಂದು ತಿಂಗಳಿಗೆ ಹದಿನೈದು ಪುಟದ ಪ್ರಾಥಮಿಕ ವರದಿ ಹೊರಬಿತ್ತು. ಇಂಧನದ ಸ್ವಿಚ್ ಏಕೆ ಆರಿಸಿದೆ ಎಂದು ಒಬ್ಬ ಪೈಲಟ್ ಕೇಳಿದ್ದು, ನಾನಲ್ಲ ಎಂದು ಇನ್ನೊಬ್ಬರು ಹೇಳಿದ್ದು, ಇಷ್ಟು ಸಾಕಾಯಿತು. ಸಂಜೆಯೊಳಗೆ ಟಿ.ವಿ. ಚಾನೆಲ್ಲುಗಳು ಸತ್ತವರ ಮನಸ್ಸಿನೊಳಗೆ ಹೊಕ್ಕು ಹೊರಬಂದಿದ್ದವು. ನೋಡಿ ಕಲಿಯಬೇಕು.

ನಿದ್ದೆಯ ವಿಚಾರ ಇನ್ನೊಂದಿದೆ. ಪೈಲಟರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಬೇಕು, ರಾತ್ರಿ ಇಳಿಸುವ ವಿಮಾನಗಳ ಮಿತಿಯನ್ನು ಆರರಿಂದ ಎರಡಕ್ಕೆ ತಗ್ಗಿಸಬೇಕು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲಿ ಹೇಳಿತು. ಕಂಪನಿಗಳು ಗೊಣಗಿದವು. ನಿಯಮ ಕಂತುಗಳಲ್ಲಿ ಜಾರಿಯಾಯಿತು, ಕೊನೆಯ ಕಂತು 2025ರ ನವೆಂಬರಿನಲ್ಲಿ. ಡಿಸೆಂಬರ್ ಹುಟ್ಟಿದ್ದೇ ತಡ, ಪೈಲಟರು ಸಾಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದವು. ಸೂಟ್‌ಕೇಸಿಗೆ ತಲೆಕೊಟ್ಟು ವಿಮಾನ ನಿಲ್ದಾಣದ ನೆಲದ ಮೇಲೆ ಮಲಗಿದವರ ಕೂಗು ದಿಲ್ಲಿಗೆ ಮುಟ್ಟಿತು. ಡಿಸೆಂಬರ್ 5ರಂದು ನಿಯಮ ಸಡಿಲವಾಯಿತು. ಎಚ್ಚರ ತಪ್ಪಿದ ಪೈಲಟ್ ಮುಂದೆಂದಾದರೂ ತಮ್ಮ ವರದಿಯಲ್ಲಿ ಕಾಣಿಸಿಕೊಂಡರೆ ಆ ಆದೇಶದ ಪ್ರತಿಯನ್ನು ಅನುಬಂಧಕ್ಕೆ ಸೇರಿಸಬೇಡಿ. ಪುಟ ಹೆಚ್ಚಾಗುತ್ತದೆ.

ಕೊನೆಗೊಂದು ವಿನಂತಿ. ಸಾಕ್ಷಿಗಳ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಳ್ಳಿ. ಮಂಗಳೂರಿಗೆ ಬೆಳಗಿನ ಜಾವದ ಅಗ್ಗದ ಟಿಕೆಟ್ಟನ್ನೇ ಹುಡುಕಿ ತೆಗೆಯುವವನು ನಾನು. ಪೈಲಟ್ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರೆಂದು ನಾನು ಕೇಳಿದ್ದಿಲ್ಲ, ಬುಕಿಂಗ್ ಮಾಡುವಾಗ ಯಾರೂ ತಿಳಿಸಿದ್ದೂ ಇಲ್ಲ. ಕಿಟಕಿಯ ಸೀಟಿಗೆ ಹೆಚ್ಚು ದುಡ್ಡು ಕೊಡುತ್ತೀರಾ ಎಂದಷ್ಟೇ ಕೇಳಿದ್ದರು, ಕೊಡುವುದಿಲ್ಲ ಎಂದಿದ್ದೆ.

ಇಂತಿ ತಮ್ಮ ವಿಧೇಯ,
ಮಾಜಿವಾಡಾದ ಒಬ್ಬ ಪ್ರಯಾಣಿಕ